ಬೆಸ ವರ್ಷದ ಷರಾ

ಹಾಳೆಯಲ್ಲಿ ಒಂಬತ್ತು ಕಾಲಂ:
ದಿನ, ಹೊತ್ತು, ಜಾಗ, ನೀರಿನ ತಾಪ,
ಜಾತಿ, ಎಷ್ಟು, ಗಂಡೆಷ್ಟು, ಹೆಣ್ಣೆಷ್ಟು.
ಕೊನೆಯದು ಷರಾ, ಹೆಬ್ಬೆರಳಗಲ.
ನದಿಯವರು ತುಂಬಿ ಕಳಿಸುತ್ತಾರೆ,
ಟ್ರೊಮ್ಸೊದ ಮೂರನೇ ಮಹಡಿಯಲ್ಲಿ ಕೂತು
ನಾನು ಕಂಪ್ಯೂಟರಿಗೆ ಏರಿಸುತ್ತೇನೆ.
ಷರಾಕ್ಕೆ ನೂರಿಪ್ಪತ್ತು ಅಕ್ಷರ,
ಮಿಕ್ಕಿದ್ದನ್ನು ಅದು ನುಂಗುತ್ತದೆ.

ಗೂನುಬೆನ್ನಿನ ಸಾಲ್ಮನ್ ಬೆಸ ವರ್ಷಕ್ಕೇ ಬರುವುದು.
ನನ್ನಜ್ಜ ಹುಡುಗನಾಗಿದ್ದಾಗ, ಗಡಿಯಾಚೆ,
ಯಾರದೋ ಯೋಜನೆಯಂತೆ
ಲೋಕದ ಆ ತುದಿಯಿಂದ ಮೊಟ್ಟೆ ತಂದು
ಕೋಲಾದ ಹೊಳೆಗಳಿಗೆ ಸುರಿದರು.
ಮೀನು ಗಡಿಕಲ್ಲು ಓದಲಿಲ್ಲ.

‘ಬಾಲದಲ್ಲಿ ಉದ್ದುರುಟಾದ ಕಪ್ಪು ಚುಕ್ಕೆ ಇದ್ದರೆ ಅದೇ’
ಎಂದು ಚಿತ್ರಸಮೇತ ಕರಪತ್ರ ಹಾಕಿಸಿದವರು ನಾವು.
ದೇತ್ನು ನದಿಯ ದೋಣಿಯಲ್ಲೇ ನಡೆಯಲು ಕಲಿತ
ರಾವ್ನಾಗೆ, ಅರವತ್ತೆಂಟರ ವಯಸ್ಸಿನಲ್ಲಿ,
ಮೀನು ಯಾವುದೆಂದು ತಿಳಿಸುವ ಕರಪತ್ರ.

ಜುಲೈ ಏಳು. ರಾತ್ರಿ ಒಂದು, ಬಿಸಿಲು.
ಹನ್ನೆರಡು ಡಿಗ್ರಿ. ನಲವತ್ತೊಂದು.
ಷರಾ: ಎಣಿಸಿದೆ.

ಜುಲೈ ಒಂಬತ್ತು. ಮುನ್ನೂರ ಆರು.
ಷರಾ: ಇನ್ನೂ ಇವೆ. ಮೊಮ್ಮಗ ನಿಲ್ಲಾ ನಿದ್ದೆಹೋದ,
ಬೆರಳು ಮಡಚಿಕೊಂಡೇ.

ಜುಲೈ ಹದಿನಾಲ್ಕು. ಲೆಕ್ಕ ತಪ್ಪಿತು.
ಷರಾ: ನಮ್ಮಲ್ಲಿ ದಿದ್ದಿ ಅಂದರೆ
ಮೊದಲ ಸಲ ಸಮುದ್ರದಿಂದ ಮನೆಗೆ ಬರುವ ಚಿಕ್ಕದು,
ದುವೊವ್ವಿ ಅಂದರೆ ಹೆಣ್ಣು. ದವಡೆ ಕೊಕ್ಕೆಯಾದ
ದೊಡ್ಡ ಗಂಡಿಗೂ ಒಂದು ಹೆಸರಿದೆ.
ಇದನ್ನು ಏನೆಂದು ಕೂಗಲಿ?
ಅಮ್ಮನನ್ನು ಕೇಳೋಣವೆಂದರೆ ಅವಳು

ಅಲ್ಲಿಗೆ ನೂರಿಪ್ಪತ್ತು.

ಅವರ ಮೀನನ್ನು ಅವರು ಹಿಡಿಯುವಂತಿಲ್ಲ ಈಗ.
ಉಳಿದದ್ದೇ ಕಡಿಮೆ, ಹಾಗಾಗಿ ಕಾನೂನು.
ಅಮ್ಮ ನೇಯ್ದ ಬಲೆ ಕೊಟ್ಟಿಗೆಯ ಗೂಟಕ್ಕೆ ತೂಗಿದೆ,
ನಾವು ಕೊಟ್ಟ ಹಸಿರು ಬಲೆ ನೀರಿನಲ್ಲಿದೆ.
ಬೇಡದ್ದನ್ನು ಎಷ್ಟು ಬೇಕಾದರೂ ಹಿಡಿ,
ಬೇಕಾದದ್ದು ಸಿಕ್ಕರೆ ಬಿಡಿಸಿ ಬಿಡು.
ಅದನ್ನು ಹೇಳಲು ನಾನೇ ಹೋಗಿದ್ದೆ.
ಕಾಫಿ ಕೊಟ್ಟಳು, ಜೊತೆಗೆ ಒಣಗಿಸಿದ ಹಿಮಸಾರಂಗ.
ಮೀನು ಕೊಡಲಿಲ್ಲ. ಇಲ್ಲವೆಂದೂ ಹೇಳಲಿಲ್ಲ.

ಆಗಸ್ಟ್ ಇಪ್ಪತ್ತು. ಮೊಟ್ಟೆಯಿಟ್ಟು ಸತ್ತಿವೆ, ದಡದುದ್ದ.
ಸತ್ತದ್ದನ್ನು ಎಣಿಸುವುದು ಸುಲಭ, ಓಡುವುದಿಲ್ಲ.
ಸಾವಿರದ ನೂರು, ಮೂಗು ಮುಚ್ಚಿಕೊಂಡು.
ಷರಾ: ಅಷ್ಟು ದೂರ ಈಜಿ ಬಂದವು, ಪಾಪ.
ಅದರ ಕೆಳಗೆ, ಬೇರೆ ಪೆನ್ನಿನಲ್ಲಿ:
ಪಾಪ ಅಂದದ್ದನ್ನು ಹೊಡೆದುಹಾಕಿ.

ಹೊಡೆದುಹಾಕಲಿಲ್ಲ ನಾನು.

ಮರುವರ್ಷ ಸರಿಸಂಖ್ಯೆ.
ಲೆಕ್ಕದವರು ಅದನ್ನು ಸರಿ ಎನ್ನುತ್ತಾರೆ, ಅಷ್ಟೆ.
ಗೂನು ಮೀನು ಬಾರದ ವರ್ಷ, ಹಾಳೆ ಕಳಿಸಿರಲಿಲ್ಲ.
ಹಳೆಯ ಹಾಳೆಯಲ್ಲಿ ಇಸವಿ ತಿದ್ದಿಕೊಂಡು
ಅವಳೇ ಕಳಿಸಿದಳು, ದಪ್ಪ ಲಕೋಟೆ.
ಸೊನ್ನೆ. ಸೊನ್ನೆ. ಒಂಬತ್ತೂವರೆ ಡಿಗ್ರಿ, ಸೊನ್ನೆ.
ಮಳೆ, ಸೊನ್ನೆ. ಸೊಳ್ಳೆ, ಲೆಕ್ಕವಿಲ್ಲ; ಮೀನು, ಸೊನ್ನೆ.

ಬಿಸಾಡೋಣವೇ ಅಂದೆ.
ತೂರ್‌ಗೇರ್, ನಮ್ಮ ಹಿರಿಯ, ಕನ್ನಡಕ ಒರೆಸುತ್ತ ಹೇಳಿದ:
ಖಾಲಿ ಬೇರೆ ಕಣಯ್ಯ, ಸೊನ್ನೆ ಬೇರೆ.
ಖಾಲಿ ಅಂದರೆ ಯಾರೂ ನೋಡಲಿಲ್ಲ.
ಸೊನ್ನೆ ಅಂದರೆ ಅಲ್ಲಿ ಒಬ್ಬರು ಕೂತಿದ್ದರು.

ಹಾಗಾಗಿ ಎಲ್ಲ ಸೊನ್ನೆಗಳನ್ನೂ ಏರಿಸಿದೆ,
ಮೂರು ಮಧ್ಯಾಹ್ನ ಹಿಡಿಯಿತು.
ಕಟ್ಟಕಡೆಯ ಹಾಳೆ:
ಜುಲೈ ಮೂವತ್ತು. ಜಾತಿ: ದಿದ್ದಿ. ಒಂದು.
ಷರಾ: ಹಾರಿತು. ನೋಡಿದೆ. ಮುಟ್ಟಲಿಲ್ಲ.
ಎಲ್ಲಿ ಎಂದು ಮಾತ್ರ ಬರೆಯುವುದಿಲ್ಲ.

ಜಾಗ ತುಂಬದೆ ಕಂಪ್ಯೂಟರು ಉಳಿಸಿಕೊಳ್ಳುವುದಿಲ್ಲ,
ಕೆಂಪಗೆ ಮಿನುಗುತ್ತದೆ.
ಬಹಳ ಹೊತ್ತು ನೋಡಿ, ಬಾಗಿಲು ಮುಂದೆಮಾಡಿ,
ನಮ್ಮ ಕಚೇರಿಯದೇ ಅಕ್ಷಾಂಶ ರೇಖಾಂಶ ಒತ್ತಿದೆ.

ತಪ್ಪು. ಗೊತ್ತು.
ಎಂದಾದರೂ ಯಾರಾದರೂ ನಕ್ಷೆ ತೆರೆದಾರು:
ಕಾಫಿ ಯಂತ್ರಕ್ಕೂ ನನ್ನ ಕುರ್ಚಿಗೂ ನಡುವೆ
ಒಂದು ಮೀನು, ಒಂದೇ,
ಹರಿವಿಗೆದುರಾಗಿ ನಿಂತಿದೆ.